ಹೆಸರಿಗೆ ಬಿಟ್ಟ ಜಾಗ

ಒಲೆಯ ಮೇಲೆ ಹುಳಿ ಕುದಿಯುತ್ತಿದ್ದರೂ ಡಾ. ವಾಗ್ದೇವಿ ಬಿನ್ನವತ್ತಳೆಯ ಕೊನೆಯ ಸಾಲು ತಿದ್ದುತ್ತಿದ್ದರು. ದಂತವೈದ್ಯರ ಸಂಘದ ಶ್ರೇಷ್ಠ ಬೋಧಕ ಪ್ರಶಸ್ತಿಗೆ ಅದನ್ನು ಬರೆದುಕೊಡಿ ಎಂದು ಕಾರ್ಯದರ್ಶಿಯಾಗಿದ್ದ ಹಳೆಯ ಶಿಷ್ಯ ಕೇಳಿದ್ದ. ಪ್ರಶಸ್ತಿ ಪಡೆಯುವವರೇ ತಮ್ಮ ಹೊಗಳಿಕೆ ಬರೆದುಕೊಡುವುದು ಅಲ್ಲಿನ ರೂಢಿ. ಮೂವತ್ತು ವರ್ಷ ಕಾದ ಪ್ರಶಸ್ತಿ. ಯಾರಿಗೆ ಎಂದು ಅವರು ಕೇಳಲೂ ಇಲ್ಲ. ‘ಸಾವಿರಾರು ಹಲ್ಲು ಉಳಿಸಿದವರು, ನೂರಾರು ವೈದ್ಯರನ್ನು ಬೆಳೆಸಿದವರು, ಪ್ರಚಾರವೆಂದರೆ ಮಾರು ದೂರ ಸರಿಯುವವರು’ ಎಂದು ಧಾರಾಳವಾಗಿ ಬರೆದು, ಸ್ವಂತ ಹೆಸರು ಬರೆಯಲು ಮಾತ್ರ ನಾಚಿಕೆಯಾಗಿ, ಅಲ್ಲಿ ಜಾಗ ಬಿಟ್ಟು ಕಳಿಸಿದರು.

ಹುಳಿ ಇಳಿಸುವಷ್ಟರಲ್ಲಿ ಶಿಷ್ಯನ ಫೋನ್ ಬಂತು.

“ಓದಿ ಕಣ್ಣಲ್ಲಿ ನೀರು ಬಂತು ಮೇಡಂ!”

“ಸ್ವಲ್ಪ ಜಾಸ್ತಿ ಆಯ್ತೇನಪ್ಪಾ?”

“ಒಂದಕ್ಷರಾನೂ ಜಾಸ್ತಿ ಇಲ್ಲ. ಹೆಸರೊಂದು ಬಿಟ್ಟುಹೋಗಿತ್ತು, ನಾನೇ ಸೇರಿಸ್ದೆ. ಡಾಕ್ಟರ್ ಮಂದಾಕಿನಿ ಅಂತ.”

“ಮಂದಾಕಿನೀನಾ?”

“ಹ್ಞೂಂ ಮೇಡಂ, ನಿಮ್ಮ ವಿಭಾಗದವರೇ ಅಲ್ವಾ! ತಮ್ಮದನ್ನ ತಾವೇ ಬರ್ಕೊಳ್ಳೋದು ಚೆನ್ನಾಗಿರಲ್ಲ ಅಂತ ಈ ಸಲ ನಿಮ್ಮನ್ನ ಕೇಳಿದ್ದು. ಜೊತೇಲಿ ಕೆಲಸ ಮಾಡೋರನ್ನ ಇಷ್ಟು ಮನಸಾರೆ ಹೊಗಳೋರು ಈಗ ಯಾರಿದಾರೆ? ನಿಮ್ಮದು ದೊಡ್ಡ ಮನಸ್ಸು!”

“ಅವಳಿಗೆ ಸಲ್ಲಬೇಕಾದ್ದೇ ಬಿಡಪ್ಪ” ಎಂದು ವಾಗ್ದೇವಿ ಫೋನಿಟ್ಟರು. ಸಮಾರಂಭದ ದಿನ ಮೊದಲ ಸಾಲಿನಲ್ಲೇ ಕೂತು, ಬಿನ್ನವತ್ತಳೆಯ ಒಂದೊಂದು ವಾಕ್ಯಕ್ಕೂ ಎಲ್ಲರಿಗಿಂತ ಮೊದಲು ತಾವೇ ಚಪ್ಪಾಳೆ ತಟ್ಟಬೇಕೆಂದು, ಯಾರಿಗೂ ಹೇಳದೆ, ನಿರ್ಧರಿಸಿದರು.