ಚೌಕದಡಿಯ ಊರು

"ನಮ್ಮೂರು ಎಲ್ಲಿ ಸಾರ್?" ಎಂದು ಬೀಗದಕ್ಕ ಮೂರನೇ ಸಲ ಕೇಳಿದಾಗ ಯೋಜನಾಧಿಕಾರಿ ಸಾಹೇಬರು ಕುರ್ಚಿ ಬಿಟ್ಟು ಏಳಲೇಬೇಕಾಯಿತು. ಮುಂದಿನ ಇಪ್ಪತ್ತು ವರ್ಷಗಳ ಸಾರಿಗೆ ಯೋಜನೆಯ ನಕ್ಷೆ ಗೋಡೆ ತುಂಬ ಹರಡಿತ್ತು. ಕೆಂಪು ಗೆರೆ ಹೆದ್ದಾರಿ, ನೀಲಿ ಗೆರೆ ರೈಲು. ಒಂದು ವರ್ತುಲ ರಸ್ತೆ ಸಾಲದೆಂದು ರಾಜಧಾನಿಗೆ ಮೂರು ಸುತ್ತು ಸುತ್ತಿದ್ದರು. ದೊಡ್ಡವರ ಮನೆ ಊಟದಲ್ಲಿ ಎರಡನೇ ಸಲ ಬಡಿಸುವುದು ಹೊಟ್ಟೆ ತುಂಬಿದವರಿಗೇ ತಾನೆ?

ಸಾಹೇಬರ ಬೆರಳು ನಕ್ಷೆಯ ಮೇಲೆಲ್ಲ ಅಲೆದು ಕೆಳಗಿನ ಬಲಮೂಲೆಯಲ್ಲಿ ನಿಂತಿತು. ಅಲ್ಲಿ ಊರಿರಲಿಲ್ಲ. ಯಾವ ಬಣ್ಣ ಯಾವುದಕ್ಕೆ ಎಂದು ವಿವರಿಸುವ ದೊಡ್ಡದೊಂದು ಚೌಕವಿತ್ತು.

"ಇದರ ಕೆಳಗಿರಬೇಕು."

"ಕೆಳಗಾ?"

"ವಿವರದ ಚೌಕ ಎಲ್ಲಾದ್ರೂ ಹಾಕಬೇಕಲ್ಲಮ್ಮ. ಆ ಮೂಲೆ ಖಾಲಿ ಇತ್ತು."

ಬೀಗದಕ್ಕನಿಗೆ ಮೈ ಉರಿದುಹೋಯಿತು. ಹನ್ನೊಂದು ಸಾವಿರ ಜನ, ಅವಳ ಶೆಡ್ಡಿನಲ್ಲಿ ಕೂತು ಬೀಗಕ್ಕೆ ಅರ ಹಾಕುವ ನಲವತ್ತಮೂರು ಹೆಂಗಸರು, ಎಲ್ಲ ಸೇರಿ ಖಾಲಿ! ಊರಿನ ಸೇತುವೆ ಬಿರುಕು ಬಿಟ್ಟಿತ್ತು. ಈ ಮಳೆಗಾಲ ಕಳೆದರೆ ಇತ್ತ ಬರಲ್ಲ ಎಂದು ಲಾರಿಯವನು ಕಡ್ಡಿ ಮುರಿದ ಹಾಗೆ ಹೇಳಿದ್ದ. ಲಾರಿ ಬರದಿದ್ದರೆ ಕಬ್ಬಿಣದ ತಗಡು ಒಳಗೆ ಬರುವುದಿಲ್ಲ, ಬೀಗ ಹೊರಗೆ ಹೋಗುವುದಿಲ್ಲ. ಹೊಸ ರಸ್ತೆ ಈ ಯೋಜನೆಯಲ್ಲಿ ಸೇರಬೇಕು, ಇಲ್ಲವಾದರೆ ಶೆಡ್ಡು ಮುಚ್ಚಬೇಕು.

"ನೆಟ್ಟಗೆ ಬಂದ ಈ ಹೆದ್ದಾರಿ ನಮ್ಮೂರ ಹತ್ರ ಯಾಕೆ ಸಾರ್ ಇಷ್ಟು ದೊಡ್ಡ ಸುತ್ತು ಹಾಕಿದೆ? ಅಲ್ಲಿ ಗುಡ್ಡ ಇಲ್ಲ, ಕೆರೆ ಇಲ್ಲ, ಬಟಾಬಯಲು."

ಕಂಪ್ಯೂಟರ್ ಮುಂದಿದ್ದ ನಕ್ಷೆಗಾರ ತಲೆ ಎತ್ತಿದ. "ಚೌಕದೊಳಗಿನ ಅಕ್ಷರಗಳ ಮೇಲೆ ಗೆರೆ ಎಳೆದ್ರೆ ಓದೋಕಾಗಲ್ಲಕ್ಕ. ಅದಕ್ಕೇ ಪಕ್ಕಕ್ಕೆ ತಿರುಗಿಸ್ದೆ."

"ಯಾರೂ ಅಲ್ಲಿಗೆ ಬಂದು ನೋಡಲಿಲ್ವಾ?"

"ಬರೋಕೆ ರಸ್ತೆ ಬೇಕಲ್ಲಮ್ಮ" ಎಂದರು ಸಾಹೇಬರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಬೀಗದಕ್ಕ ಮೂಲೆಯ ಬೀರುವಿನತ್ತ ಕೈ ತೋರಿಸಿದಳು. "ಅದಕ್ಕೆ ಹಾಕಿರೋ ಬೀಗ ನಮ್ಮ ಶೆಡ್ಡಿಂದು. ಕಾಲಿಲ್ಲದ ಬೀಗ ಇಲ್ಲಿವರೆಗೂ ಬಂತು, ಜೀಪಿರೋ ನಿಮಗೆ ಅಲ್ಲಿಗೆ ಬರೋಕಾಗ್ಲಿಲ್ಲ. ನಮ್ಮೂರು ಕಾಣಿಸೋವರೆಗೂ ನಾನು ಕದಲಲ್ಲ." ಹಾಗೆಂದವಳು ಎದುರಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು.

ಊಟದ ಹೊತ್ತಾಗಿತ್ತು. ಹತ್ತು ಅರ್ಜಿಗಳಿಂದ ಆಗದ ಕೆಲಸವನ್ನು ಸಾಹೇಬರ ಹಸಿವು ಮಾಡಿತು. "ಆ ಚೌಕ ಎತ್ತಿ ಅತ್ಲಾಗೆ ಹಾಕಯ್ಯ!"

ನಕ್ಷೆಗಾರ ಚೌಕವನ್ನು ಎಳೆದ. ಎಳ್ಳಿನಷ್ಟು ಊರು ಕಣ್ಣು ಬಿಟ್ಟಿತು. ಸುತ್ತು ಹಾಕಿದ್ದ ಹೆದ್ದಾರಿ ಊರಿನ ಪಕ್ಕದಲ್ಲೇ ನೆಟ್ಟಗಾಯಿತು. ಗೋಡೆಗೊಂದು, ಅವಳಿಗೊಂದು ಪ್ರತಿ ಹೊರಬಂತು. ಸಾಹೇಬರು ಎರಡಕ್ಕೂ ಸಹಿ ಹಾಕಿ ಮೊಹರು ಒತ್ತಿದರು. ಇಷ್ಟೇನಾ ಕೆಲಸ ಎಂದುಕೊಂಡ ಬೀಗದಕ್ಕನ ಕಣ್ಣು ತುಂಬಿತು.

ಆಮೇಲೆ ಅವಳು ನಕ್ಷೆಯ ಮೇಲಿನ ಎಡಮೂಲೆ ನೋಡಿದಳು. ಚೌಕ ಈಗ ಅಲ್ಲಿ ಕೂತಿತ್ತು. ಅಲ್ಲಿ ನೆಟ್ಟಗಿದ್ದ ಕೆಂಪು ಗೆರೆ ಈಗ ಚೌಕವನ್ನು ಬಳಸಿಕೊಂಡು ಹೋಗಿತ್ತು.

"ಸಾರ್, ಇಲ್ಲಿ... ನನ್ನ ತಂಗೀನ ಕೊಟ್ಟಿರೋ ಊರಿದೆ."

"ಇರಬಹುದು" ಎಂದರು ಸಾಹೇಬರು, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತ. "ಅಲ್ಲಿಂದ ಇನ್ನೂ ಯಾರೂ ಬಂದು ಕೇಳಿಲ್ವಲ್ಲ. ಯಾಕೆ, ವಾಪಸ್ ಹಾಕಿಸ್ಲಾ?"

ಬೀಗದಕ್ಕ ತನ್ನ ಪ್ರತಿಯನ್ನು ಕೈಗೆತ್ತಿಕೊಂಡಳು. ಮೊಹರಿನ ಶಾಯಿ ಇನ್ನೂ ಹಸಿಯಾಗಿತ್ತು. ಅದು ಆರಲೆಂದು ಎರಡು ಸಲ ಊದಿದಳು. ಆಮೇಲೆ ತಂಗಿಯ ಮೂಲೆ ಒಳಗೆ ಹೋಗುವ ಹಾಗೆ ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿಕೊಂಡು, ಸಾಹೇಬರಿಗೆ ಕೈ ಮುಗಿದು ಹೊರಟಳು.