ಇಳಿಜಾರಿಗೊಂದು ಬೆಲ್ಟು

“ಮೊದ್ಲು ಆ ಬೆಲ್ಟು ಕಟ್ಕೋ. ಆಮೇಲೆ ಗಾಡಿ ಬಿಡು,” ಎಂದಳು ಮುನಿವೆಂಕಟಮ್ಮ.

ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಗಳು ಅನುಸೂಯಮ್ಮ ಹೆರಿಗೆ ನೋವಿನಲ್ಲಿ ನರಳುತ್ತಿದ್ದಳು. ಮಗು ಅಡ್ಡ ತಿರುಗಿದೆ, ನನ್ನಿಂದಾಗದು ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ದೊಡ್ಡಬಳ್ಳಾಪುರದ ಆಸ್ಪತ್ರೆ ಸೇರಬೇಕಾದರೆ ಮಾಕಳಿದುರ್ಗದ ಇಳಿಜಾರು ಇಳಿಯಲೇಬೇಕು.

ಡ್ರೈವರು ಜವರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಕೊಳವೆಬಾವಿ ಕೊರೆಯಲು ಬಂದ ಪರದೇಶದವರ ಜೀಪು ಅದು. ಎಪ್ಪತ್ತೆರಡನೇ ಇಸವಿಯಲ್ಲಿ ಸೊಂಟಕ್ಕೆ ಕಟ್ಟುವ ಬೆಲ್ಟು ಆ ಸುತ್ತಿನಲ್ಲಿ ಇದ್ದದ್ದು ಅದೊಂದೇ ಗಾಡಿಯಲ್ಲಿ. ಜವರಪ್ಪ ಅದನ್ನು ಮೊದಲ ದಿನವೇ ಸೀಟಿನ ಸಂದಿಗೆ ತುರುಕಿದ್ದ. ಲಾರಿ ಓಡಿಸಿ ಪಳಗಿದವರಿಗೆಲ್ಲ ಗೊತ್ತಿದ್ದ ವಿದ್ಯೆ ಒಂದೇ: ಬ್ರೇಕು ಕೈಕೊಟ್ಟರೆ ಬಾಗಿಲು ತಳ್ಳು, ಹಾರು. ಹಾಗೆ ಹಾರಿ ಬದುಕಿದವನು ಟೀ ಅಂಗಡಿಯಲ್ಲಿ ದೊಡ್ಡ ಶೂರ. ಅವನ ಹಿಂದೆ ಕೂತಿದ್ದವರ ಮಾತನ್ನು ಮಾತ್ರ ಅಲ್ಲಿ ಯಾರೂ ಎತ್ತುವುದಿಲ್ಲ.

“ಹೊತ್ತಾಗ್ತದೆ, ಸುಮ್ನಿರು ಅಕ್ಕ. ಅದನ್ನ ಕಟ್ಕಂಡು ಗಾಡಿ ಓಡ್ಸಕ್ಕಾಗಲ್ಲ.”

“ಯಾಕಾಗಲ್ಲ?”

“ಕಟ್ಕಂಡ್ರೆ ಹಾರೋದು ಹೆಂಗೆ?” ಬಾಯಿ ತಪ್ಪಿ ಬಂದುಬಿಟ್ಟಿತು.

“ಅದ್ಕೇ ಕಟ್ಕೋ ಅಂತಿರೋದು.”

ಜವರಪ್ಪನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಇವಳ ಗಂಡ ಸೊಣ್ಣಪ್ಪ ಇದೇ ಇಳಿಜಾರಿನಲ್ಲಿ ಇಟ್ಟಿಗೆ ಲಾರಿಯ ಮೇಲೆ ಕೂತು ಹೋಗುವಾಗ ಸತ್ತಿದ್ದ. ಬ್ರೇಕು ಹೋದಾಗ ಆ ಲಾರಿಯ ಡ್ರೈವರು ಹಾರಿಕೊಂಡಿದ್ದ. ಮೊಣಕೈಗೆ ಬಟ್ಟೆ ಸುತ್ತಿಕೊಂಡು ತಿಥಿಯ ಊಟಕ್ಕೂ ಬಂದಿದ್ದ. ಜವರಪ್ಪ ಸಿಟ್ಟಿನಲ್ಲೇ ಬೆಲ್ಟು ಎಳೆದು ಕೊಂಡಿ ಸಿಕ್ಕಿಸಿದ.

ಇಳಿಜಾರಿನ ನಡುವೆ ಒತ್ತಿದ ಬ್ರೇಕು ಹಾಗೇ ತಳಕ್ಕೆ ಹೋಗಿ ಕೂತಿತು. ಜವರಪ್ಪನ ಕೈ ತಾನಾಗಿ ಬಾಗಿಲ ಹಿಡಿಗೆ ಹೋಯಿತು, ಮೈ ಸೀಟಿನಿಂದ ಎದ್ದೂ ಆಗಿತ್ತು. ಬೆಲ್ಟು ಸೊಂಟ ಹಿಡಿದು ಕೂರಿಸಿತು. ಹಾಳಾದ ಹೆಂಗಸು, ನನ್ನ ಪ್ರಾಣಕ್ಕೆ ಬಂದಳು ಎಂದು ಮನಸ್ಸಿನಲ್ಲೇ ಶಪಿಸಿದ. ಕೊಂಡಿ ಬಿಚ್ಚುವಷ್ಟು ಹೊತ್ತೂ ಇರಲಿಲ್ಲ. ಬೇರೆ ದಾರಿ ಕಾಣದೆ ಗೇರು ಇಳಿಸಿದ. ಎಂಜಿನ್ನು ಅರಚಿತು. ಹ್ಯಾಂಡ್ ಬ್ರೇಕು ಎಳೆದು, ಜೀಪಿನ ಎಡಮಗ್ಗುಲನ್ನು ಗುಡ್ಡಕ್ಕೆ ತಿಕ್ಕಿಸಿದ. ತಗಡು ಕಿತ್ತುಬಂತು, ಕಲ್ಲುಗಳು ಸಿಡಿದವು. ಹಿಂದೆ ಅನುಸೂಯಮ್ಮ ಚೀರಿದಳು, ತಾಯಿ ಅವಳನ್ನು ಅವುಚಿಕೊಂಡಳು. ಗಾಡಿಯ ಓಟ ನಿಧಾನಕ್ಕೆ ತಗ್ಗಿ, ಸಪಾಟು ರಸ್ತೆ ಸಿಕ್ಕಿತು. ಅಲ್ಲಿಂದ ಆಸ್ಪತ್ರೆಯವರೆಗೂ ಒಂದನೇ ಗೇರಿನಲ್ಲೇ ತೆವಳಿಸಿಕೊಂಡು ಹೋದ.

ಆಸ್ಪತ್ರೆಯವರು ಅನುಸೂಯಮ್ಮನನ್ನು ಒಳಗೆ ಸಾಗಿಸಿದರು. ಜವರಪ್ಪ ಜೀಪಿನಿಂದ ಇಳಿಯಲಿಲ್ಲ. ಅವನಿಗೆ ನಾಚಿಕೆಯಾಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಮಗು ಅತ್ತ ಸದ್ದು ಕೇಳಿತು. ಮುನಿವೆಂಕಟಮ್ಮ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಜೀಪಿನ ಪಕ್ಕ ನಿಂತಳು.

“ಹಾರಾಣ ಅನ್ನಿಸ್ತೇನಪ್ಪಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಅನ್ನಿಸ್ತು ಅಕ್ಕ.”

ಅವಳು ಬೆಲ್ಟಿನ ಕೊಂಡಿಯತ್ತ ನೋಡಿದಳು.

“ಆ ಲಾರಿ ಡ್ರೈವರ್ಗೂ ಹಂಗೇ ಅನ್ಸಿರ್ತದೆ. ಅವನ್ನ ಹಿಡ್ದು ಕೂರ್ಸೋಕೆ ಏನೂ ಇರ್ಲಿಲ್ಲ, ಪಾಪ.”