ತಾಳ್ಯದ ಕಲ್ಲಿನ ಎರಡನೆಯ ಸಾಲು

ತಾಳ್ಯದ ಹೊರಗಿನ ಶಾಸನದ ಕಲ್ಲಿಗೆ ಯಾರೋ ದಪ್ಪಗೆ ಸುಣ್ಣ ಹೊಡೆದಿದ್ದರು. ಬಂಡಿಯಿಂದ ಇಳಿದ ಪಂಡಿತ ಏಕಾಂತಪ್ಪನವರು ಅಲ್ಲೇ ನಿಂತುಬಿಟ್ಟರು.

“ಇದೇ ಏನು ನಿಮ್ಮ ಕಲ್ಲು?” ಹಿಂದೆಯೇ ಇಳಿದ ಡೈರೆಕ್ಟರು ಕೇಳಿದರು.

“ಇದೇ ಸ್ವಾಮಿ. ಹೋದ ಸಲ ಬಂದಾಗ ಕರ್ರಗಿತ್ತು.”

“ಹೋದ ಸಲ ಅಂದರೆ ಯಾವಾಗ?”

“ತಾವು ವಿಲಾಯತಿಯಲ್ಲಿ ಓದುತ್ತಿದ್ದಾಗ.”

ಡೈರೆಕ್ಟರು ಹೊಸಬರು. ವಿಶ್ವವಿದ್ಯಾನಿಲಯದ ಸಂಶೋಧನಾಲಯ ಮಲಗಿಬಿಟ್ಟಿದೆ, ಎಬ್ಬಿಸಿ, ಇಲ್ಲವೇ ಬಾಗಿಲು ಹಾಕಿ ಎಂದು ಮೇಲಿನವರು ಅವರನ್ನು ಕಳಿಸಿದ್ದರು. ಬಂದವರೇ ಅಪ್ಪಣೆ ಮಾಡಿದರು: ಒಳಗೆ ಕುಳಿತು ಪಾಠಾಂತರಕ್ಕೆ ಜಗಳವಾಡಿದ್ದು ಸಾಕು, ಇನ್ನು ಊರೂರು ತಿರುಗಬೇಕು, ಹೊಸ ಶಾಸನವೊಂದನ್ನು ಕಣ್ಣೆದುರು ಓದಿ ತೋರಿಸಿದ ಪಂಡಿತರಿಗೆ ಒಬ್ಬ ಸಹಾಯಕ, ಒಂದು ಬಂಡಿ, ತೋರಿಸದವರಿಗೆ ಮನೆಯ ದಾರಿ. ಏಕಾಂತಪ್ಪನವರೋ, ‘ತಾಳ್ಯದ ಶಾಸನದ ಓದು ಮುಂದುವರಿದಿದೆ’ ಎಂದು ವರ್ಷ ವರ್ಷವೂ ವರದಿ ಕೊಟ್ಟು ನೆಮ್ಮದಿಯಾಗಿದ್ದವರು. ಕಲ್ಲನ್ನು ಅವರು ನೋಡಿದ್ದು ಒಂದೇ ಸಲ, ಅದೂ ಬೀಗರ ಮನೆಯ ಊಟಕ್ಕೆ ಹೋಗುವಾಗ, ಬಂಡಿಯಿಂದ ಇಳಿಯದೆ.

ಕಲ್ಲಿನ ಪಕ್ಕದಲ್ಲಿ ಕುರಿ ಕಾಯುವ ಓಬಕ್ಕ ಸುಣ್ಣದ ಗಡಿಗೆ ಹಿಡಿದು ನಿಂತಿದ್ದಳು.

“ಯಾಕಮ್ಮ ಹೀಗೆ ಮಾಡಿದೆ?” ಎಂದರು ಡೈರೆಕ್ಟರು.

“ಪಟೇಲ್ರು ಮಾಡ್ಸಿದ್ರು ಸ್ವಾಮಿ. ಮೈಸೂರಿಂದ ಸಾಹೇಬ್ರು ಬರ್ತಾರೆ, ನೆಟ್ಟಗೆ ನಿಂತಿರೋದಕ್ಕೆಲ್ಲ ಸುಣ್ಣ ಹೊಡಿ ಅಂದ್ರು. ಬೇವಿನ ಮರಕ್ಕೆ ಹೊಡ್ದೆ, ದನ ಕಟ್ಟೋ ಗೂಟಕ್ಕೆ ಹೊಡ್ದೆ. ನಮ್ಮತ್ತೆ ಕುಂತಿದ್ಳು, ಉಳ್ಕಂಡ್ಳು.”

ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಅಮಲ್ದಾರರು ಬಂದರೆ ಊರಿಗೆ ಸುಣ್ಣ ಬಳಿಯುವುದು ಪದ್ಧತಿ. ಸಾಹೇಬರಲ್ಲಿ ಭೇದವೆಣಿಸುವ ರೂಢಿ ತಾಳ್ಯಕ್ಕಿರಲಿಲ್ಲ. ಏಕಾಂತಪ್ಪನವರಿಗೆ ಈಗ ಒಳಗೊಳಗೇ ಹಿಗ್ಗು. ಅಕ್ಷರವೇ ಕಾಣದ ಮೇಲೆ ಓದುವ ಮಾತೆಲ್ಲಿ?

“ಎಂಥ ಅನಾಹುತವಾಯಿತು! ಇಷ್ಟು ವರ್ಷದ ಶ್ರಮ...” ಎಂದು ಉತ್ತರೀಯವನ್ನು ಕಣ್ಣಿಗೆ ಒತ್ತಿಕೊಂಡರು.

ಓಬಕ್ಕನಿಗೆ ಕನಿಕರವಾಯಿತು. “ಅಳಬ್ಯಾಡ್ರಿ, ಇನ್ನೂ ಹಸಿ ಐತೆ,” ಎಂದವಳೇ ಕಂಬಳಿಯ ತುಂಡೊಂದನ್ನು ನೀರಲ್ಲಿ ಅದ್ದಿ ಕಲ್ಲನ್ನು ಗಸಗಸನೆ ಉಜ್ಜಿದಳು. ಮೇಲಿನ ಸುಣ್ಣ ಹೋಯಿತು. ಅಕ್ಷರಗಳ ಗೀರಿನೊಳಗೆ ಇಳಿದದ್ದು ಹೋಗಲಿಲ್ಲ. ಕರೀ ಕಲ್ಲಿನ ಮೇಲೆ ಎರಡು ಸಾಲುಗಳು, ಸಾಲೆಯ ಐಗಳು ಹಲಗೆಯ ಮೇಲೆ ಬರೆದುಕೊಟ್ಟ ಹಾಗೆ, ಬೆಳ್ಳಗೆ ಎದ್ದು ನಿಂತವು. ಅದರ ಕೆಳಗೆ ಬರೀ ಸವೆದ ಕಲ್ಲು.

“ಓದಿ,” ಎಂದರು ಡೈರೆಕ್ಟರು.

ಓದದೆ ಗತಿಯಿರಲಿಲ್ಲ. “ಸ್ವಸ್ತಿ ಶ್ರೀ. ಊರ ಮಠದಲ್ಲಿ ವಿದ್ಯೆ ಹೇಳುವ ಪಂಡಿತನಿಗೆ ಒಂದು ಗದ್ದೆ ಬಿಟ್ಟಿದೆ.” ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದಕ್ಕೆ ಬಂದು ನಿಂತರು. ಕೆಲಸ ಮಾಡದೆ ಉಂಡು ಕುಳಿತ ಪಂಡಿತನನ್ನು ತೆಗೆದುಹಾಕಿ ಬೇರೊಬ್ಬನನ್ನು ನಿಲ್ಲಿಸುವುದು ಎಂದು ಅಲ್ಲಿ ಕೊರೆದಿತ್ತು. ಏಕಾಂತಪ್ಪನವರು ಕಣ್ಣು ಕಿರಿದು ಮಾಡಿದರು, ಕೆಮ್ಮಿದರು.

“ಆ ಪಂಡಿತನಿಗೆ... ಒಬ್ಬ ಸಹಾಯಕ, ಒಂದು ಬಂಡಿ, ತಿಂಗಳಿಗೊಂದು ಗಡಿಗೆ ತುಪ್ಪ ಕೊಡತಕ್ಕದ್ದು.”

“ಅಷ್ಟು ಗಿಡ್ಡ ಸಾಲಲ್ಲಿ ಬಂಡಿ ಹೆಂಗೆ ಹಿಡೀತು?” ಎಂದಳು ಓಬಕ್ಕ.

ಡೈರೆಕ್ಟರು ಕನ್ನಡಕ ಒರೆಸಿಕೊಂಡು ಬಗ್ಗಿ, ಎರಡನೆಯ ಸಾಲನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಏಕಾಂತಪ್ಪನವರ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು.

“ತಮಗೆ... ಹಳೆಯ ಲಿಪಿ...?”

“ವಿಲಾಯತಿಯಲ್ಲಿ ನಾನು ಓದಿದ್ದು ಏನು ಅಂದುಕೊಂಡಿರಿ?” ಡೈರೆಕ್ಟರು ಬೆನ್ನು ನೆಟ್ಟಗೆ ಮಾಡಿದರು. “ಕಲ್ಲಂತೂ ಯಾರೂ ಓದಿರದ ಹೊಸ ಕಲ್ಲೇ. ಅದಕ್ಕಾಗಿ ಸಹಾಯಕನೂ ಬಂಡಿಯೂ ನಿಮಗೆ ಸಿಗುತ್ತವೆ. ತುಪ್ಪ ಇಲ್ಲ. ಮುಂದಿನ ವರ್ಷವೂ ‘ಓದು ಮುಂದುವರಿದಿದೆ’ ಎಂದರೆ ಎರಡನೆಯ ಸಾಲಿನಂತೆ ನಡೆಯುತ್ತದೆ. ನಿಮಗೆ ಮರೆಯದಿರಲೆಂದು ಕಲ್ಲನ್ನು ನಿಮ್ಮ ಕೋಣೆಯ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಮೂರನೆಯ ಸಾಲಲ್ಲೇ ಇದೆಯಲ್ಲ, ‘ಇದನ್ನು ಮೈಸೂರಿಗೆ ಸಾಗಿಸತಕ್ಕದ್ದು’ ಅಂತ.”

“ಅಲ್ಲಿ ಅಕ್ಷರವೇ ಇಲ್ಲವಲ್ಲ ಸ್ವಾಮಿ!”

“ನಿಮ್ಮ ತುಪ್ಪ ಇದ್ದ ಜಾಗದಲ್ಲೇ ಇದೆ. ಸರಿಯಾಗಿ ನೋಡಿ.”

ಓಬಕ್ಕ ಗಡಿಗೆಯನ್ನು ಕೆಳಗಿಟ್ಟಳು. “ಓಹೋ, ಓದೋದು ಅಂದ್ರೆ ಹಿಂಗಾ? ಹಂಗಾದ್ರೆ ನಂಗೂ ಬರ್ತೈತೆ.” ಕಲ್ಲಿನ ಬುಡಕ್ಕೆ ಬೆರಳಿಟ್ಟು ರಾಗವಾಗಿ ಓದಿದಳು: “ಈ ಕಲ್ಲು ಕಿತ್ತೋರು, ಓಬಕ್ಕನ ಕುರಿಗೆ ನವೆ ಎದ್ದಾಗೆಲ್ಲ ತಾವೇ ಬಂದು ಮೈ ಕೆರೀಬೇಕು. ಸೂರ್ಯ ಚಂದ್ರ ಇರೋ ತನಕ.”

ಡೈರೆಕ್ಟರು ಬಯಲಿನ ಕಡೆ ನೋಡಿದರು. ಕುರಿಗಳು ಗುಡ್ಡದ ತನಕ ಇದ್ದವು.

“ಕಲ್ಲು ಇಲ್ಲೇ ಇರಲಿ,” ಎಂದು ಬಂಡಿ ಹತ್ತಿದರು.

ಬಂಡಿ ಹೊಳಲ್ಕೆರೆಯ ದಾರಿಗೆ ತಿರುಗುವಾಗ ಏಕಾಂತಪ್ಪನವರು ಹಿಂದಕ್ಕೆ ನೋಡಿದರು. ಕರೀ ಟಗರೊಂದು ಕಲ್ಲಿಗೆ ಒರಗಿ ಕಣ್ಣು ಮುಚ್ಚಿ ಪಕ್ಕೆ ಉಜ್ಜಿಕೊಳ್ಳುತ್ತಿತ್ತು. ಅದು ಆಚೆ ಸರಿದಾಗ ಕಲ್ಲಿನ ಮೇಲೆ ಉಳಿದದ್ದು ಮೊದಲನೆಯ ಸಾಲೊಂದೇ. ಎರಡನೆಯದರ ಹಸಿ ಸುಣ್ಣವೆಲ್ಲ ಟಗರಿನ ಪಕ್ಕೆಯಲ್ಲಿ ಬೆಳ್ಳಗೆ ಮೇಯಲು ಹೊರಟಿತ್ತು. ಏಕಾಂತಪ್ಪನವರು ಬಂಡಿಯೊಳಗಿಂದಲೇ ಅದಕ್ಕೆ ಕೈ ಮುಗಿದರು.